ಎರಡು ಸಲ ತಟ್ಟುವ ತೂದಾ

"ಮೆಲ್ಲಗೆ ಮಾತಾಡಮ್ಮ, ಮೆಲ್ಲಗೆ! ಎಚ್ಚರ ಆಗ್ಬಿಡ್ತಾನೆ."

"ಯಾರು ಲಲ್ಲಾ ಎಚ್ಚರ ಆಗೋದು? ಮನೇಲಿ ಮಕ್ಕಳೇ ಕಾಣ್ತಿಲ್ವಲ್ಲ."

"ಇದಾನೆ. ಸೊಸೆ ಹೊಟ್ಟೇಲಿ ಮಲ್ಗಿದಾನೆ. ಈ ಉಣ್ಣೆ ತೊಳೆಯೋ ಕಾಲಕ್ಕೆ ಐದು ವರ್ಷ ಆಯ್ತು."

ಸೂಲಗಿತ್ತಿ ತೂದಾ ಒಂದು ಕಾಲಿನ ಬೂಟು ಬಿಚ್ಚಿ ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟಳು. ಆ ಬೂಟನ್ನೂ ಮನೆಯೊಡತಿ ಮುದುಕಿ ರಕೂಶ್ (ಲಲ್ಲಾ ಅನ್ನುವುದು ಇಲ್ಲಿ ಹಿರಿಯ ಹೆಂಗಸಿಗೆ ಕೊಡುವ ಮರ್ಯಾದೆ) ಅವಳ ಕೈಯಿಂದ ತೆಗೆದುಕೊಂಡು, ಹಸುಗೂಸನ್ನು ಮಲಗಿಸುವ ಹಾಗೆ ಕುರಿಯ ಚರ್ಮದ ಮೇಲೆ ಇಟ್ಟಳು, ಸದ್ದಾಗದಂತೆ!

ಮಲಗಿದ ಮಗು ಎಂದರೆ ತೂದಾಳಿಗೆ ಹೊಸದೇನಲ್ಲ. ಅಟ್ಲಾಸ್ ಬೆಟ್ಟದ ಈ ಊರುಗಳಲ್ಲಿ ಅದು ಯಾರಿಗೆ ಗೊತ್ತಿಲ್ಲ? ಗಂಡ ದೂರ ಹೋಗಿದ್ದಾನೆ, ಬಸಿರು ನಿಂತಿದೆ, ಈಗ ಹೆರುವ ಕಾಲವಲ್ಲ ಅನ್ನಿಸಿತು ಅಂದರೆ ತಾಯತ ಬರೆಸುತ್ತಾರೆ. ತಾಯತ ಒಣಗಿದ್ದಷ್ಟು ದಿನ ಮಗು ಒಳಗೆ ನಿದ್ದೆ ಮಾಡುತ್ತದೆ. ಬೇಕಾದಾಗ ನೀರಿಗೆ ಹಾಕಿದರೆ ಮಸಿ ಕರಗುತ್ತದೆ, ಮಗು ಕಣ್ಣು ಬಿಡುತ್ತದೆ. ಆ ನಿದ್ದೆಯ ಕಂಬಳಿಯ ಕೆಳಗೆ ಎಷ್ಟೋ ಹೆಂಗಸರು ಮರ್ಯಾದೆಯಿಂದ ಬಾಳಿದ್ದಾರೆ. ಎರಡು ವರ್ಷದ ಹಿಂದೆ ಗಂಡ ಹೋದವಳು ಇವತ್ತು ಹೆತ್ತರೆ "ಮಲಗಿತ್ತು, ಎದ್ದಿತು" ಅಂದರಾಯಿತು, ಊರು ಬಾಯಿ ಮುಚ್ಚಿಕೊಳ್ಳುತ್ತದೆ. ತೂದಾ ಯಾವತ್ತೂ ಯಾರ ಮೈಮೇಲಿಂದಲೂ ಆ ಕಂಬಳಿ ಎಳೆದವಳಲ್ಲ.

ಆದರೆ ಇಡೀ ಮನೆಗೆ ಮನೆಯೇ ಪಿಸುಗುಡುವುದನ್ನು ಅವಳು ಕಂಡಿರಲಿಲ್ಲ.

ಇಲ್ಲಿ ಬಾಗಿಲ ತಿರುಗಣಿಗೆಲ್ಲ ಎಣ್ಣೆ ಹಾಕಿತ್ತು. ಕೋಳಿಗಳು ಇರಲಿಲ್ಲ, ಹುಂಜ ಕೂಗುತ್ತದಲ್ಲ! ನಾಯಿಯನ್ನು ಕುರುಬನಿಗೆ ಕೊಟ್ಟಾಗಿತ್ತು. ಟೀ ಬಂತು. ಈ ಸೀಮೆಯಲ್ಲಿ ಟೀಯನ್ನು ಮೊಳದೆತ್ತರದಿಂದ ಝರ್ರೆಂದು ಸುರಿಯದಿದ್ದರೆ ಅತಿಥಿಗೆ ಅವಮಾನ. ರಕೂಶ್ ಕೆಟಲಿನ ಮೂತಿಯನ್ನು ಲೋಟದ ಅಂಚಿಗೇ ಒರಗಿಸಿ, ಗಾಯಕ್ಕೆ ಔಷಧಿ ಹಾಕುವವಳಂತೆ ಇಳಿಸಿದಳು. ನೊರೆಯಿಲ್ಲದ ಆ ಟೀಯನ್ನು ತೂದಾ ಬಾಯಿಗಿಟ್ಟಳು. ನೋಡಿದರೆ ತಾನೂ ಸದ್ದು ಮಾಡದೆ ನುಂಗುತ್ತಿದ್ದಾಳೆ!

"ಸರಿ ಲಲ್ಲಾ. ಐದು ವರ್ಷ ಮಲ್ಗಿರೋನಿಗೆ ಇವತ್ತು ನನ್ನನ್ಯಾಕೆ ಕರೆಸಿದ್ರಿ?"

ರಕೂಶ್ ಬಾಗಿಲ ಕಡೆ ನೋಡಿ, ಗೋಡೆ ಕಡೆ ನೋಡಿ, ತೂದಾಳ ಕಿವಿಗೇ ಬಾಯಿ ಹಚ್ಚಿದಳು. "ನನ್ನ ಕೈ ಕತ್ತರಿಸಿ ಹಾಕ್ಬೇಕು. ದಿಂಬು ತೊಳೆದ್ಬಿಟ್ಟೆ."

ಆದದ್ದಿಷ್ಟು. ಚಳಿ ಮುಗಿದ ಮೇಲೆ ಊರಿನ ಹೆಂಗಸರೆಲ್ಲ ಹಾಸಿಗೆ ದಿಂಬಿನ ಉಣ್ಣೆಯನ್ನು ಹೊಳೆಗೆ ಒಯ್ದು ತುಳಿದು ತೊಳೆಯುತ್ತಾರಲ್ಲ, ಕಳೆದ ವಾರ ರಕೂಶ್ ಕೂಡ ಹೋಗಿದ್ದಳು. ಐದು ವರ್ಷದ ಹಿಂದೆ ತಾನೇ ತಾಯತವನ್ನು ಹೊಲಿದಿಟ್ಟ ದಿಂಬು ಯಾವುದು ಅನ್ನುವುದು ಅವಳಿಗೆ ಮರೆತುಹೋಗಿತ್ತು. ನೆರೆಯವರ ಜೊತೆ ನಗುತ್ತಾ (ಹೊಳೆಯ ಹತ್ತಿರ ಮಾತ್ರ ಅವಳು ನಗುತ್ತಿದ್ದಳು) ತುಳಿದಳು, ತುಳಿದಳು. ಕಾಲ್ಬೆರಳ ಸಂದಿಯಿಂದ ಕಪ್ಪು ಮಸಿ ದಾರದಂತೆ ಹೊರಟು ನೀರಲ್ಲಿ ಹೋಯಿತು.

"ಕಾಗದ ತೆಗ್ದು ನೋಡಿದ್ರೆ ಹಾಲಿನ ಥರ ಬೆಳ್ಳಗಿದೆ ತಾಯಿ! ಒಂದಕ್ಷರ ಇಲ್ಲ. ಅವತ್ತಿನಿಂದ ಮನೇಲಿ ಏನೋ ಸರಿ ಇಲ್ಲ. ನೀನು ಕಿವಿ ಇಟ್ಟು ಕೇಳು. ಇನ್ನೂ ಮಲ್ಗಿದ್ರೆ ಹೇಳು, ನಾಳೆನೇ ಹೋಗಿ ಇನ್ನೊಂದು ಬರೆಸ್ಕೊಂಡು ಬರ್ತೀನಿ. ನನ್ನ ಮೀಮೂನ್ ಬರೋವರೆಗೂ ಮಲ್ಗಿರ್ಲಿ."

ಮೀಮೂನ್ ದೋಣಿ ಹತ್ತಿ ಸ್ಪೇನಿಗೆಂದು ಹೋದವನು. ಹೋದವನಿಂದ ಒಂದು ಫೋನೂ ಬರಲಿಲ್ಲ, ಜೊತೆಗೆ ಹೋದವರಿಂದಲೂ ಬರಲಿಲ್ಲ. ಸಮುದ್ರ ಏನು ಮಾಡಿತೆಂದು ಊರಿಗೆಲ್ಲ ಗೊತ್ತು. ಈ ಮನೆಯಲ್ಲಿ ಮಾತ್ರ ಆ ಮಾತು ಬಾಗಿಲಾಚೆಯೇ ಬೂಟು ಬಿಚ್ಚಿ ನಿಂತಿತ್ತು.

"ಇಜ್ಜಾ ಏನಂತಾಳೆ?" ತೂದಾ ಕೇಳಿದಳು. ಇಜ್ಜಾ ಅನ್ನುವುದು ಆ ಸೊಸೆಯ ಹೆಸರು.

"ಅವಳೇನಂತಾಳೆ? ಅವಳ್ನ ಯಾಕೆ ಕೇಳ್ಬೇಕು?"

ಅಷ್ಟು ಸಾಕಾಯಿತು ತೂದಾಳಿಗೆ. ತಾನು "ಮಲಗಿದಾನೆ" ಅಂದರೆ ಇಜ್ಜಾಳ ಬಾಳು ಇನ್ನೊಂದು ತಾಯತದಲ್ಲಿ ಸುತ್ತಿ ದಿಂಬು ಸೇರುತ್ತದೆ. "ಇಲ್ಲ" ಅಂದರೆ ಈ ಮುದುಕಿ ಇವತ್ತೇ ಮಗನನ್ನು ಕಳಕೊಳ್ಳುತ್ತಾಳೆ, ಸೊಸೆಯನ್ನು ಹೊರಗೆ ಹಾಕಿದರೂ ಹಾಕಿದಳೇ. ಎಲ್ಲ ತನ್ನ ನಾಲಿಗೆಯ ತುದಿಯಲ್ಲಿದೆ, ಆದರೆ ಅದು ತಾನು ಹೇಳಬೇಕಾದ ಮಾತೇ ಅಲ್ಲ, ಇಜ್ಜಾಳದು!

ತೂದಾ ಎದ್ದಳು. "ನೀವು ಅಂಗಳದಲ್ಲಿ ಕೂತಿರಿ ಲಲ್ಲಾ. ನಾನೂ ಅವಳೂ ಇಬ್ರೇ."

"ಏನು! ನನ್ನ ಮನೇಲಿ, ನನ್ನ ಮೊಮ್ಮಗನ್ನ ನೋಡೋದಕ್ಕೆ ನನ್ನನ್ನೇ ಹೊರಗೆ ಹಾಕ್ತೀಯಾ?" ರಕೂಶ್ ಪಿಸುಮಾತಿನಲ್ಲೇ ಕಿರುಚಿದಳು. ಪಿಸುಮಾತಿನಲ್ಲಿ ಕಿರುಚುವುದನ್ನು ಕೇಳಿದ್ದೀರಾ? ಹಾವು ಬೈದ ಹಾಗಿರುತ್ತದೆ. "ಡಾಕ್ಟರು ಕೂಡ ಅತ್ತೇರನ್ನ ಒಳಗೆ ಬಿಡ್ತಾರೆ, ನೀನ್ಯಾವ ಸುಲ್ತಾನನ ಮಗಳು?"

"ಇಜ್ಜಾ ಬೇಕು ಅಂದ್ರೆ ಕರೀತೀನಿ. ಅವಳು ಕರೀದೇ ಇದ್ರೆ ನಿಜವಾದ ಸುಲ್ತಾನ ಬಂದ್ರೂ ಆಚೆನೇ."

ಅದು ತೂದಾಳ ಕಾನೂನು. ಕಣಿವೆಯ ಕೆಳಗಿನ ಹೆರಿಗೆ ಮನೆಯಲ್ಲಿ ಅವಳು ಕೆಲಸಕ್ಕೆ ಸೇರಿದಾಗ ಊರಿನವರಿಗೆ ಇದೇ ದೊಡ್ಡ ತಮಾಷೆ. ಪಟ್ಟಣದಲ್ಲಿ ಓದಿ ಬಿಳಿ ಕೋಟು ಹಾಕಿಕೊಂಡು ಬಂದಿದ್ದಾಳೆ, ಬಂದವಳು ಬಸುರಿಯ ಹೊಟ್ಟೆ ಮುಟ್ಟುವ ಮುಂಚೆ ಮಂಚದ ಮರದ ಮೇಲೆ ಟಕ್ ಟಕ್ ಅಂತ ಎರಡು ಸಲ ತಟ್ಟಿ, "ನಿನ್ನ ಮನೆ ಇದು, ಒಳಗೆ ಬರ್ಲಾ?" ಅಂತ ಕೇಳುತ್ತಾಳೆ! "ಬೇಡ" ಅಂದರೆ ಕೈ ಹಿಂದಕ್ಕೆ. ಕೂತು ಹುರಿದ ಬಾದಾಮಿ ತಿನ್ನುತ್ತಾಳೆ, ಇನ್ನೊಂದು ಸಲ ತಟ್ಟುತ್ತಾಳೆ. ನೋವು ತಿನ್ನುವವಳು ನೇತಾಡಿ ಹೆರುತ್ತೇನೆ ಅಂದರೆ ತೊಲೆಗೆ ಹಗ್ಗ ಕಟ್ಟಿ ಕೊಡುತ್ತಾಳೆ. ಒಬ್ಬ ಅಧಿಕಾರಿ ಬಂದು "ಏನಿದು, ಹೆರಿಗೆ ಮನೆಯೋ ಕುರಿ ನೇತುಹಾಕೋ ಅಂಗಡಿಯೋ?" ಅಂತ ಹಗ್ಗ ಬಿಚ್ಚಿಸಿದರೆ, ಅವನ ಜೀಪು ತಿರುವು ದಾಟುವ ಮೊದಲೇ ಮತ್ತೆ ಕಟ್ಟಿದ್ದಳು. ಕೂಗಬೇಕು ಅನಿಸಿದರೆ ಕೂಗು, ಬೈಯಬೇಕು ಅನಿಸಿದರೆ ಗಂಡನನ್ನು ಬೈ, ನಾನು ಸೇರಿಸಿ ಬೈತೀನಿ ಅನ್ನುವಳು. "ಬಾಗಿಲು ತಟ್ಟೋ ತೂದಾ" ಅಂತಲೇ ಹೆಸರು ಬಿತ್ತು. ಆಂಬ್ಯುಲೆನ್ಸ್ ಓಡಿಸುವ ಅಲ್ಲಾಲ್ ಅಂತೂ, "ಅಕ್ಕ, ಒಂದಿನ ಒಳಗಿಂದ ಯಾರು ಅಂತ ಕೇಳಿದ್ರೆ ಏನ್ಮಾಡ್ತೀಯ?" ಅಂತ ಕಿಚಾಯಿಸುತ್ತಿದ್ದ.

ತೂದಾ ಆ ಮಾತಿಗೆ ಮಾತ್ರ ಯಾವತ್ತೂ ನಕ್ಕಿಲ್ಲ.

ಯಾಕೆಂದರೆ ಒಂದು ಸಲ ಒಳಗಿಂದ ಉತ್ತರ ಬಂದಿತ್ತು. ಅವಳು ಪುಟ್ಟ ಹುಡುಗಿ, ಅಮ್ಮ ಹೆರಿಗೆ ನೋವಿನಲ್ಲಿದ್ದಳು. ಅಜ್ಜಿ, ಅತ್ತೆಯರು, ಎಲ್ಲರೂ ಸೇರಿ ಅದು ಮಾಡೋಣ ಇದು ಮಾಡೋಣ ಅಂತ ಅಂಗಳದಲ್ಲಿ ವಾದ ಮಾಡುತ್ತಿದ್ದರು. ಒಳಗಿದ್ದವಳನ್ನು ಒಬ್ಬರೂ ಕೇಳಲಿಲ್ಲ. ಪುಟ್ಟ ತೂದಾ ಮುಚ್ಚಿದ ಬಾಗಿಲನ್ನು ಎರಡು ಸಲ ತಟ್ಟಿದಳು. ಒಳಗಿಂದ ಅಮ್ಮ ಮೂರು ಸಲ ತಟ್ಟಿದಳು. ಸಂಜೆಯವರೆಗೂ ಅದೇ ಆಟ, ಇವಳು ಎರಡು, ಅಮ್ಮ ಮೂರು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದರು. ಅಮ್ಮನೂ ಇಲ್ಲ, ಮಗುವೂ ಇಲ್ಲ. "ಮಧ್ಯಾಹ್ನಾನೇ ಹೋಗಿದಾಳೆ ಪಾಪ, ಮೈ ಆಗ್ಲೇ ಸೆಟೆದುಕೊಂಡಿದೆ" ಅಂದರು ಹೆಂಗಸರು.

ಸಂಜೆಯವರೆಗೂ ತಟ್ಟಿದವರು ಯಾರು? ತೂದಾ ಯಾರನ್ನೂ ಕೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಇಜ್ಜಾ ಒಳಕೋಣೆಯಲ್ಲಿ ಮಗ್ಗದ ಹಿಂದೆ ಕೂತಿದ್ದಳು. ಹುಡುಗಿಯಾಗಿದ್ದಾಗ ಮದುವೆಗಳಲ್ಲಿ ಸಾಲಾಗಿ ನಿಂತು ಹಾಡುವವರ ನಡುವೆ ಇವಳ ದನಿ ಎದುರು ಬೆಟ್ಟಕ್ಕೆ ಬಡಿದು ವಾಪಸು ಬರುತ್ತಿತ್ತು, ಅದನ್ನು ತೂದಾ ಕೇಳಿದ್ದಳು. ಈಗ ನೂಲು ಎಳೆಯುವ ಬೆರಳುಗಳೂ ಸದ್ದು ಮಾಡುತ್ತಿರಲಿಲ್ಲ.

"ಟೀ ಕುಡಿದ್ಯಾ ಅಕ್ಕ?" ಅಂದಳು. ಅದು ದನಿಯಲ್ಲ, ಬರೀ ಉಸಿರು.

"ಕುಡಿದೆ. ಸ್ಮಶಾನದಲ್ಲಿ ಕೊಡೋ ಟೀ ಇದಕ್ಕಿಂತ ಗಟ್ಟಿಯಾಗಿರುತ್ತೆ."

ಇಜ್ಜಾಳ ತುಟಿ ಕೊಂಕಿತು. ನಗು ಬಂದಿತ್ತು, ಅವಳು ಅದನ್ನು ಕೈಯಿಂದ ಮುಚ್ಚಿ ನುಂಗಿದಳು.

"ಮುಟ್ಟು ಆಗ್ತೀಯಾ?"

ಇಜ್ಜಾ ನೂಲು ಬಿಟ್ಟು ಬಾಗಿಲ ಕಡೆ ನೋಡಿದಳು. ಆಮೇಲೆ, "ಆಗ್ತೀನಿ. ಮೊದಲ್ನೇ ವರ್ಷ ಇರ್ಲಿಲ್ಲ. ಊಟ ಸೇರ್ತಿರ್ಲಿಲ್ಲ, ಅಳೋದೊಂದೇ. ಆಮೇಲೆ ಶುರುವಾಯ್ತು. ಅತ್ತೆಗೆ ಗೊತ್ತಾಗ್ದ ಹಾಗೆ ಬಟ್ಟೆ ಒಗೆದ್ಕೊಳ್ತೀನಿ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಗೆ ಹೇಳ್ಲಿ ಅಕ್ಕ? ದಿನಾ ಸಂಜೆ ನನ್ನ ಹೊಟ್ಟೆ ಮೇಲೆ ಕೈ ಇಟ್ಟು ಮಾತಾಡ್ತಾರೆ. ಇವತ್ತು ಬಾರ್ಲಿ ಕೊಯ್ದೆ ಕಂದಾ, ಇವತ್ತು ಮೇಕೆ ಈದಿತು ಕಂದಾ ಅಂತ. ನಾನು ಗೋಡೆ ಥರ ಕೂತಿರ್ತೀನಿ. ಅವ್ರು ಗೋಡೆ ಆಚೆ ಇರೋನ ಜೊತೆ ಮಾತಾಡ್ತಾರೆ. ಒಂದೊಂದು ಸಲ... ಒಂದೊಂದು ಸಲ ನಂಗೇ ಅವ್ನು ಇದಾನೆ ಅನ್ಸುತ್ತೆ."

ತೂದಾ ಕೈಗಳನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಂಡಳು. ಚೀಲದಿಂದ ಮರದ ಕೊಳವೆ ತೆಗೆದಳು. ಒಂದು ತುದಿ ಹೊಟ್ಟೆಗೆ, ಒಂದು ತುದಿ ಕಿವಿಗೆ, ಎಷ್ಟು ಸಾವಿರ ಹೃದಯಗಳು ಅದರೊಳಗೆ ಕುದುರೆ ಓಡಿಸಿವೆಯೋ! ಇಜ್ಜಾ ಚಾಪೆಯ ಮೇಲೆ ಮಲಗಿದಳು. ತೂದಾ ಅಭ್ಯಾಸದಂತೆ ಮಗ್ಗದ ಮರದ ಮೇಲೆ ತಟ್ಟಿದಳು.

ಟಕ್ ಟಕ್. "ನಿನ್ನ ಮನೆ ಇದು, ಒಳಗೆ..."

ಟಕ್. ಟಕ್. ಟಕ್.

ತೂದಾ ಇಜ್ಜಾಳ ಕೈ ನೋಡಿದಳು.

ಇಜ್ಜಾಳ ಎರಡೂ ಕೈ ಎದೆಯ ಮೇಲೆ ಕಣ್ಣೆದುರೇ ಇದ್ದವು. ಅವಳ ಮುಖ ಹಿಟ್ಟಿನಷ್ಟು ಬಿಳುಪಾಗಿತ್ತು. "ನಿಂಗೂ ಕೇಳಿಸ್ತಾ? ದೇವರೇ, ನಿಂಗೂ ಕೇಳಿಸ್ತು! ದಿಂಬು ತೊಳೆದ ದಿನದಿಂದ ಅಕ್ಕ. ನಾನು ಮಗ್ಗ ಬಡಿದ್ರೆ ಸಾಕು, ಮೂರು ಸಲ. ಅತ್ತೆಗೂ ಕೇಳಿಸುತ್ತೆ, ಬಾಯ್ಬಿಡಲ್ಲ."

ತೂದಾ ಗೋಡೆಗೆ ಕಿವಿಯಿಟ್ಟಳು. ತೊಲೆ ನೋಡಿದಳು. ಮಗ್ಗದ ಕಾಲು ಹಿಡಿದು ಅಲ್ಲಾಡಿಸಿದಳು, ಬೆಟ್ಟದ ಹಾಗೆ ನಿಂತಿತ್ತು. ಕಿಟಕಿಯಾಚೆ ಅಂಗಳದಲ್ಲಿ ರಕೂಶ್ ಕೈಕಟ್ಟಿ ಕೂತಿದ್ದದ್ದು ಕಾಣುತ್ತಿತ್ತು. ಬಿಸಿಲು ನೆಟ್ಟಗೆ ಬಿದ್ದಿತ್ತು, ಹಾಡುಹಗಲು! ಆದರೆ ಆ ಲಯ ತೂದಾಳಿಗೆ ಗೊತ್ತು. ಮೊದಲನೆಯದು ಗಟ್ಟಿ, ಎರಡನೆಯದು ಮೆತ್ತಗೆ, ಮೂರನೆಯದು ದಣಿದ ಹಾಗೆ ಕೊಂಚ ತಡವಾಗಿ. ಅದೇ. ಅಮ್ಮನ ಬಾಗಿಲಲ್ಲಿ ಸಂಜೆಯವರೆಗೂ ಕೇಳಿದ್ದು ಅದೇ.

ಓಡಿಹೋಗಬೇಕು ಅನ್ನಿಸಿತು. ಆದರೆ ಚಾಪೆಯ ಮೇಲೆ ಒಬ್ಬಳು ಮಲಗಿದ್ದಳು, ಅವಳನ್ನು ಐದು ವರ್ಷದಿಂದ ಯಾರೂ ಏನೂ ಕೇಳಿರಲಿಲ್ಲ.

"ಇಜ್ಜಾ," ಅಂದಳು ತೂದಾ. "ಒಳಗೆ ಬರ್ಲಾ?"

"ಬಾ ಅಕ್ಕ."

ಕೈಯಿಟ್ಟಳು. ಮೆಲ್ಲಗೆ, ಬೆರಳ ತುದಿಯಿಂದ ಒತ್ತಿದಳು. ಕೊಳವೆಗೆ ಕಿವಿ ಕೊಟ್ಟಳು. ಕುದುರೆಯಿಲ್ಲ. ಗಾಳಿ ಬೀಸಿದ ಹಾಗೆ ಒಂದು ಸದ್ದು ಮಾತ್ರ, ಅದು ಇಜ್ಜಾಳದೇ ರಕ್ತ ಇಜ್ಜಾಳಲ್ಲೇ ಓಡಾಡುವ ಸದ್ದು. ತೂದಾ ತುಂಬ ಹೊತ್ತು ಕೇಳಿದಳು, ತಟ್ಟುವ ಸದ್ದು ಇದರೊಳಗಿಂದ ಬರುತ್ತದೋ ಎಂದು ಉಸಿರು ಬಿಗಿಹಿಡಿದು. ಬರಲಿಲ್ಲ. ಅದು ಬೇರೆ ಎಲ್ಲಿಂದಲೋ ಬಂದದ್ದು. ಇಲ್ಲಿ ಯಾರೂ ಇರಲಿಲ್ಲ.

"ನಿನ್ನ ಹೊಟ್ಟೆ ಸುದ್ದಿ ನಿಂಗೇ ಮೊದ್ಲು ಹೇಳ್ಬೇಕು. ಹೇಳ್ಲಾ?"

"ಹೇಳು."

"ಮಗು ಇಲ್ಲ ಕಣೆ. ಕೈಗೆ ಸಿಕ್ತಿಲ್ಲ, ಕಿವಿಗೆ ಸಿಕ್ತಿಲ್ಲ. ಬೇಕಾದ್ರೆ ಪಟ್ಟಣಕ್ಕೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸ್ತೀನಿ, ನಿನ್ನ ಕಣ್ಣಿಂದಾನೇ ನೋಡ್ಬಹುದು. ಬೇಡ ಅಂದ್ರೆ ಬೇಡ. ಅತ್ತೆಗೆ ನಾನು ಹೇಳಲ್ಲ, ಸುಳ್ಳೂ ಹೇಳಲ್ಲ. ನಿಂಗೆ ಏನು ಬೇಕು?"

ಇಜ್ಜಾ ತೊಲೆಯನ್ನು ನೋಡುತ್ತಾ ಮಲಗಿದ್ದಳು. ಕಣ್ಣ ಕೊನೆಯಿಂದ ನೀರು ಇಳಿದು ಕಿವಿಗೆ ಹೋಯಿತು.

"ಜೋರಾಗಿ ಒಂದು ಸಲ ಸೀನ್ಬೇಕು ಅಕ್ಕ," ಅಂದಳು.

ತೂದಾಳಿಗೆ ನಗು ತಡೆಯಲಾಗಲಿಲ್ಲ. ಇಜ್ಜಾಳಿಗೂ. ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು, ಹೊಟ್ಟೆ ಹಿಡಿದುಕೊಂಡು, ಒಬ್ಬರ ಭುಜದ ಮೇಲೊಬ್ಬರು ಬಿದ್ದು ನಕ್ಕರು. ನಗು ಇಳಿದ ಮೇಲೆ ಇಜ್ಜಾ ಎದ್ದು ಬಟ್ಟೆ ಸರಿಮಾಡಿಕೊಂಡಳು. "ಅತ್ತೆಗೆ ನಾನೇ ಹೇಳ್ತೀನಿ. ಈಗ್ಲೇ. ನೀನು ಹೋದ್ಮೇಲೆ ಅಂದ್ರೆ ನಂಗೆ ಧೈರ್ಯ ಬರಲ್ಲ."

ಅಂಗಳದಲ್ಲಿ ರಕೂಶ್ ಎದ್ದು ನಿಂತಳು. "ಏನಂತೆ? ಮಲ್ಗಿದಾನಾ?"

"ಸುದ್ದಿ ಇಜ್ಜಾಳದ್ದು ಲಲ್ಲಾ. ಅವಳ್ನೇ ಕೇಳಿ."

"ನನ್ನ ಮನೆ ಟೀ ಕುಡಿದು ನಂಗೇ ಒಗಟು ಹೇಳ್ತೀಯಾ!" ಮುದುಕಿ ಬುಸುಗುಟ್ಟಿದಳು.

ಇಜ್ಜಾ ಹೋಗಿ ಟೀ ಸಾಮಾನಿನ ಮುಂದೆ ಕೂತಳು. ಟೀ ತಟ್ಟೆಯ ಪಕ್ಕದಲ್ಲಿ ಸಕ್ಕರೆಯ ಗಟ್ಟಿ ಇತ್ತು, ಈ ಮನೆಯಲ್ಲಿ ಅದನ್ನು ಉಣ್ಣೆಯಲ್ಲಿ ಸುತ್ತಿ ಒಳಗೊಳಗೇ ಮುರಿಯುತ್ತಿದ್ದರು. ಇಜ್ಜಾ ಉಣ್ಣೆ ಬಿಚ್ಚಿದಳು. ಹಿತ್ತಾಳೆಯ ಸುತ್ತಿಗೆ ಎತ್ತಿದಳು. ಠಣ್! ಸಕ್ಕರೆ ಚೂರುಚೂರಾಗಿ ಅಂಗಳದ ತುಂಬ ಹಾರಿತು.

ರಕೂಶ್ ಓಡಿಬಂದು ಎರಡೂ ಕೈಯಿಂದ ಸೊಸೆಯ ಹೊಟ್ಟೆಯನ್ನು ಮುಚ್ಚಿಕೊಂಡಳು, ಮಗುವಿನ ಕಿವಿ ಮುಚ್ಚುವ ಹಾಗೆ.

"ತೆಗೀಬೇಡಿ ಅತ್ತೆ. ಕೈ ಅಲ್ಲೇ ಇಡಿ," ಅಂದಳು ಇಜ್ಜಾ. ಪೂರ್ತಿ ದನಿಯಲ್ಲಿ! ತುಕ್ಕು ಹಿಡಿದಿತ್ತು, ಬಿರುಕು ಬಿಟ್ಟಿತ್ತು, ಆದರೆ ದನಿಯೇ. "ಎದ್ನಾ? ನೋಡಿ. ಇಷ್ಟು ಸದ್ದಿಗೆ ಎದ್ನಾ?"

ಮುದುಕಿ ಕಾದಳು. ಅಂಗೈಯಿಂದ ಕೇಳುವವಳಂತೆ ತಲೆ ಓರೆ ಮಾಡಿ ಕಾದಳು.

"ಇಲ್ವಾ?" ಅಂದಳು ಕೊನೆಗೆ.

"ಇಲ್ಲ ಅತ್ತೆ. ತುಂಬ ದಿನದಿಂದ ಇಲ್ಲ."

"ನಂಗೊತ್ತಿತ್ತು," ಅಂದಳು ರಕೂಶ್, ಯಾರಿಗೂ ಅಲ್ಲ, ಆ ಹೊಟ್ಟೆಗೆ. "ನಿನ್ನ ಬಟ್ಟೆ ಬೇಲಿ ಹಿಂದೆ ಒಣಗೋದು ನಂಗೆ ಕಾಣಲ್ವೇನೆ?" ಅಲ್ಲೇ ನೆಲಕ್ಕೆ ಕುಸಿದು ಕೂತಳು. ಆಮೇಲೆ ಬಾಯಿ ತೆರೆದು, ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಒಮ್ಮೆಲೇ ಹೆತ್ತಳು. "ಮೀಮೂನ್! ಅಯ್ಯೋ ನನ್ನ ಮೀಮೂನ್!"

ಎದುರು ಬೆಟ್ಟ ಆ ಹೆಸರನ್ನು ವಾಪಸು ಕೊಟ್ಟಿತು. ಕೆಳಗೆ ಯಾರದೋ ನಾಯಿ ಬೊಗಳಿತು, ಇನ್ನೊಂದು ಬೊಗಳಿತು. ಇಜ್ಜಾ ಅತ್ತೆಯ ತಲೆಯನ್ನು ತೊಡೆಗೆ ಎಳೆದುಕೊಂಡಳು. ತೂದಾ ಸಮಾಧಾನ ಹೇಳಲಿಲ್ಲ. ನೋವು ತಿನ್ನುವವಳ ಬೆನ್ನು ನೀವುವ ಹಾಗೆ ಬೆನ್ನು ನೀವಿದಳು, ಅಷ್ಟೇ.

ಅಳು ತಗ್ಗಿ ಮನೆ ಸುಮ್ಮನಾದ ಮೇಲೆ, ಯಾರೂ ಇಲ್ಲದ ಒಳಕೋಣೆಯಿಂದ ಅದು ಮತ್ತೆ ಬಂತು.

ಟಕ್. ಟಕ್. ಟಕ್.

ಮೂವರೂ ತಲೆ ಎತ್ತಿದರು. ಯಾರೂ ಏಳಲಿಲ್ಲ.

"ಮಗ್ಗದ ಮರ," ಅಂದಳು ರಕೂಶ್ ಮೂಗೊರೆಸಿಕೊಂಡು. "ಬಿಸಿಲಿಗೆ ಬಿರಿಯುತ್ತೆ."

"ಹೌದು," ಅಂದಳು ತೂದಾ. ಮಗ್ಗ ನೆರಳಲ್ಲಿತ್ತು.

ಆಮೇಲೆ ರಕೂಶ್ ಎದ್ದು ಹೊಸ ಟೀ ಮಾಡಿದಳು. ಕೆಟಲನ್ನು ಮೇಲೆ, ಇನ್ನೂ ಮೇಲೆ, ತಲೆಗಿಂತ ಮೇಲೆ ಎತ್ತಿ ಸುರಿದಳು. ಅರ್ಧ ಲೋಟಕ್ಕೆ, ಅರ್ಧ ತಟ್ಟೆಗೆ. ಆ ಝರಝರ ಸದ್ದಿಗೆ ಮೂವರೂ ಕಿವಿಗೊಟ್ಟರು. ಅಷ್ಟರಲ್ಲಿ ಕೆಳಗಿನ ದಾರಿಯಿಂದ ಅಲ್ಲಾಲ್ ಹಾರ್ನ್ ಹೊಡೆದ. ಈ ಮನೆಯ ಹತ್ತಿರ ಇಷ್ಟು ದಿನ ಯಾರೂ ಹೊಡೆಯುತ್ತಿರಲಿಲ್ಲ, ಮುದುಕಿ ಕಲ್ಲು ಎಸೆಯುತ್ತಿದ್ದಳು. ಇವತ್ತು ಕಲ್ಲು ಹೋಗಲಿಲ್ಲ.

ತೂದಾ ಬೂಟು ಹಾಕಿಕೊಂಡಳು. "ಮುಂದಿನ ಗುರುವಾರ ಬರ್ತೀನಿ. ಪಟ್ಟಣಕ್ಕೆ ಹೋಗೋದೋ ಬೇಡ್ವೋ, ಇಲ್ಲಿರೋದೋ ನಿನ್ನ ಅಣ್ಣನ ಮನೆಗೆ ಹೋಗೋದೋ, ಏನಿದ್ರೂ ಕೂತು ಮಾತಾಡೋಣ."

"ನೀನು ಬರ್ಬೇಡ ಅಕ್ಕ," ಅಂದಳು ಇಜ್ಜಾ. "ಗುರುವಾರ ಸಂತೆಗೆ ಇಳೀತೀನಿ. ನಾನೇ ಬರ್ತೀನಿ."

"ನಾನೂ ಬರ್ತೀನಿ," ಅಂದಳು ರಕೂಶ್.

ತೂದಾ ಇಜ್ಜಾಳ ಮುಖ ನೋಡಿದಳು.

"ಈ ಸಲ ನಾನೊಬ್ಳೇ ಅತ್ತೆ."

ರಕೂಶ್ ಟೀ ಲೋಟ ಕೆಳಗಿಟ್ಟಳು. "ಹೋಗು. ಬರೋವಾಗ ಒಂದು ಹುಂಜ ತಗೊಂಡ್ ಬಾ."

ಇಜ್ಜಾ ತೂದಾಳನ್ನು ಅಂಗಳದ ಬಾಗಿಲವರೆಗೂ ಬಿಟ್ಟು, ಚೌಕಟ್ಟಿಗೆ ಒರಗಿ ನಿಂತಳು. "ಗುರುವಾರ ನಿನ್ನ ಬಾಗಿಲು ತಟ್ತೀನಿ ಅಕ್ಕ. ಎರಡು ಸಲ ತಟ್ಟಿದ್ರೆ ನಾನು ಅಂತ ತಿಳ್ಕೋ. ಮೂರು ಸಲ ಕೇಳಿಸಿದ್ರೆ ತೆಗೀಬೇಡ, ಅದು ನಾನಲ್ಲ."

ತಮಾಷೆಗೆ ಅಂದದ್ದು. ಅರ್ಧ ತಮಾಷೆಗೆ. ತೂದಾ ಚೀಲವನ್ನು ಎದೆಗೆ ಅವುಚಿಕೊಂಡು, ಒಳಕೋಣೆಯ ಕತ್ತಲೆ ಕಡೆ ಒಂದು ಸಲ ತಿರುಗಿ ನೋಡಿದಳು.

"ಮೂರು ಸಲ ತಟ್ಟಿದ್ರೂ ತೆಗೀತೀನಿ ಕಣೆ," ಅಂದಳು. "ನೀನೂ ಬಾ, ಅದು ಯಾರೋ ಅವ್ರೂ ಬರ್ಲಿ. ಗುರುವಾರ."